ಗಿರಾಕಿ ವೇಷದ ಮಳೆಗಾಲ

ಬ್ರೂಕ್‌ಫೀಲ್ಡಿನಲ್ಲಿ ನಮ್ಮ ಆಫೀಸಿನ ಕೆಳಮಹಡಿಗೆ ಹೋದ ತಿಂಗಳು ಮನೆ ಸಾಮಾನಿನ ಅಂಗಡಿಯೊಂದು ಬಂತು. ಊಟ ಮುಗಿಸಿ ಲಿಫ್ಟಿಗೆ ಕಾಯುತ್ತಿದ್ದಾಗ ಅದರ ಬಾಗಿಲು ತೆರೆದುಕೊಂಡು, ಎಸಿ ಗಾಳಿಯ ಜೊತೆ ಒಳಗಿನ ವಾಸನೆಯೂ ಹೊರಗೆ ಬಂತು. ಹೊಸ ಪ್ಲಾಸ್ಟಿಕ್ ಬಕೆಟ್ಟು, ರಬ್ಬರಿನ ಮ್ಯಾಟು, ಈಗಷ್ಟೇ ಒರೆಸಿದ ನೆಲದ ಫಿನೈಲು. ನಾನು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದೆ. ನನ್ನ ಕುರ್ಚಿಗೆ ಬಂದು ಕುಳಿತ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಅಷ್ಟು ಸಣ್ಣ ಹೊತ್ತಿನಲ್ಲಿಯೇ, ಬಾಗಿಲಲ್ಲಿದ್ದ ಸೇಲ್ಸ್‌ನವಳ ಕೂದಲಿಗೆ ಕ್ಲಿಪ್ಪಿರಲಿಲ್ಲ ಎಂಬುದನ್ನೂ, ಒಳಗೆ ಹೋದ ಹೆಂಗಸಿಗೆ ಅವಳು ನಮಸ್ಕಾರ ಹೇಳಲಿಲ್ಲ ಎಂಬುದನ್ನೂ ನಾನು ನೋಡಿಟ್ಟುಕೊಂಡಿದ್ದೆ. ನೋಡು ಎಂದು ಯಾರೂ ಹೇಳಿರಲಿಲ್ಲ.

ಈ ಚಟ ಅಂಟಿದ್ದು ಬಿಬಿಎ ಕೊನೆಯ ವರ್ಷದ ಮಳೆಗಾಲದಲ್ಲಿ. ಅದನ್ನು ಬರೆದಿಡಬೇಕು ಎಂದು ಅವತ್ತಿನಿಂದ ಅನ್ನಿಸುತ್ತಿದೆ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಕಾಣದ ಕಡೆ ಕಾಣಲಿಲ್ಲ ಎನ್ನುತ್ತೇನೆ.

ನಮ್ಮ ಕಾಲೇಜು ಚಂದಾಪುರ ದಾಟಿದ ಮೇಲೆ ಹೊಸೂರು ರಸ್ತೆಗೆ ಅಂಟಿಕೊಂಡಿತ್ತು. ಕೆಳಗೆ ಒಂದು ಬೇಕರಿ, ಒಂದು ಟೈರಿನ ಅಂಗಡಿ, ಮೇಲಿನ ಮಹಡಿಗಳು ನಮ್ಮವು. ಮಾರ್ಕೆಟಿಂಗ್ ತರಗತಿಯಲ್ಲಿ ಕುಳಿತರೆ ಬನ್ನಿನ ವಾಸನೆ, ಎಚ್‌ಆರ್ ತರಗತಿಯಲ್ಲಿ ಟೈರಿನ ವಾಸನೆ. ನೀವು ವಿದ್ಯಾರ್ಥಿಗಳಲ್ಲ, ನಾಳೆಯ ಮ್ಯಾನೇಜರುಗಳು ಎಂದು ಪ್ರಿನ್ಸಿಪಾಲರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಹಾಗಾಗಿ ಬೆಳಿಗ್ಗೆ ಗೇಟಿನಲ್ಲಿ ಪಿಟಿ ಮಾಸ್ಟರು ನಮ್ಮ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಹುಡುಗರಾಗಲಿ ಹುಡುಗಿಯರಾಗಲಿ, ಲೇಸು ಕಟ್ಟಿದ ಕಪ್ಪು ಚರ್ಮದ ಶೂ ಹಾಕಿರಬೇಕು. ಮೇಲೆ ಜೀನ್ಸ್ ಇರಲಿ, ಚೂಡಿದಾರ ಇರಲಿ, ಅವರಿಗೆ ಚಿಂತೆಯಿಲ್ಲ. ಶೂ ಮಾತ್ರ ತಪ್ಪುವಂತಿಲ್ಲ. ಎಲ್ಲರೂ ಆನೇಕಲ್‌ನ ಒಂದೇ ಅಂಗಡಿಯಲ್ಲಿ ಕೊಂಡದ್ದರಿಂದ ಆ ಶೂಗಳ ಮೂತಿಯೂ ಒಂದೇ ಥರ ಇತ್ತು.

ಐದನೆಯ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಜಾಗ ಸಿಗುವುದು ಸುಲಭವಿರಲಿಲ್ಲ. ಆ ವರ್ಷ ನಮ್ಮ ಪ್ಲೇಸ್‌ಮೆಂಟ್ ವಿಭಾಗದವರು ನವೀನ್ ಎಂಬವರನ್ನು ಕರೆತಂದರು. ಅವರದು ದೊಡ್ಡ ದೊಡ್ಡ ಅಂಗಡಿಗಳಿಗೆ ಸುಳ್ಳು ಗಿರಾಕಿಗಳನ್ನು ಕಳಿಸಿಕೊಡುವ ಏಜೆನ್ಸಿ. ಸಾಮಾನು ಕೊಳ್ಳುವವರ ಹಾಗೆ ಹೋಗಿ, ಅಲ್ಲಿಯ ಕೆಲಸದವರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡಿ ಬಂದು ಹೇಳುವುದು ಕೆಲಸ. ಇಂಗ್ಲಿಷಿನಲ್ಲಿ ಮಿಸ್ಟ್ರಿ ಶಾಪರ್ ಎನ್ನುತ್ತಾರೆ. ಅಂಗಡಿಯ ಕೆಲಸದವರು ನಮ್ಮನ್ನು ಚೆಕಿಂಗ್‌ನವರು ಎನ್ನುತ್ತಿದ್ದರು ಎಂದು ಆಮೇಲೆ ತಿಳಿಯಿತು.

ನವೀನ್ ಸರ್ ನಮ್ಮನ್ನು ಜೋಡಿ ಮಾಡಿದರು. ಜೋಡಿಯಲ್ಲಿ ಒಬ್ಬರು ಮಾತಾಡಬೇಕು, ಇನ್ನೊಬ್ಬರು ಬೇರೆಯಾಗಿ ಒಳಗೆ ಬಂದು, ದೂರ ನಿಂತು ನೋಡಬೇಕು. ಹೊರಗೆ ಬಂದ ಮೇಲೆ ಒಬ್ಬೊಬ್ಬರೇ ಅವರ ಕಾರಿನಲ್ಲಿ ಕೂತು ಬಾಯಲ್ಲೇ ವರದಿ ಒಪ್ಪಿಸಬೇಕು. ಎರಡೂ ವರದಿ ತಾಳೆಯಾಗಬೇಕು.

"ಅಂದಾಜು ಬೇಡ, ಕಂಡಿದ್ದು ಹೇಳಿ" ಎಂದು ಅವರು ಮೊದಲ ದಿನವೇ ಹೇಳಿದರು. "ಇನ್ನೊಂದ್ ವಿಷ್ಯ. ನೀವು ಸರಿಯಾಗಿ ನೋಡ್ತಿದೀರೋ ಇಲ್ವೋ ಅಂತ ನೋಡೋಕೂ ನಾನು ಜನ ಕಳಿಸ್ತೀನಿ. ಯಾರು ಅಂತ ಕೇಳ್ಬೇಡಿ, ಹೇಳಲ್ಲ."

ಸೆಮಿನಾರ್ ಹಾಲಿನಲ್ಲಿ ಕೂತಿದ್ದ ನಾವೆಲ್ಲ ಅಕ್ಕಪಕ್ಕ ನೋಡಿಕೊಂಡೆವು. ಆ ಕ್ಷಣದಿಂದ ತರಗತಿ ಮೊದಲಿನ ಹಾಗೆ ಉಳಿಯಲಿಲ್ಲ.

ನನ್ನ ಜೋಡಿಗೆ ಬಂದವನು ದರ್ಶನ್. ಅವರದು ಆನೇಕಲ್ ಕಡೆಯ ರೈತರ ಮನೆ. ಹೊಲದ ಜಾಗದಲ್ಲಿ ಈಗ ಬಾಡಿಗೆ ಕಟ್ಟಡಗಳಿದ್ದವು. ಅವನಿಗೆ ಈ ಓದೂ ಬೇಕಿರಲಿಲ್ಲ, ಈ ಕೆಲಸವೂ ಬೇಕಿರಲಿಲ್ಲ ಎಂದು ನಾನು ಅಂದುಕೊಂಡಿದ್ದೆ. ಆದರೆ ಅವನು ಎಲ್ಲರಿಗಿಂತ ಚೆನ್ನಾಗಿ ಗಿರಾಕಿಯಾಗುತ್ತಿದ್ದ. ಬೇಡದ ತವಾ ಎತ್ತಿ ಹಿಡಿದು ಅರ್ಧ ಗಂಟೆ ಚೌಕಾಸಿ ಮಾಡಿ, ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಇಟ್ಟುಬಿಡುತ್ತಿದ್ದ. ಇವನೇ ಯಾಕೆ ನವೀನ್ ಸರ್ ಕಳಿಸಿದ ಜನ ಆಗಿರಬಾರದು ಎಂದು ನನಗೆ ಎರಡನೆಯ ವಾರವೇ ಅನ್ನಿಸಿತು. ಅವರ ಕಾರಿನಲ್ಲಿ ಅವನು ನನಗಿಂತ ಹೆಚ್ಚು ಹೊತ್ತು ಕೂರುತ್ತಿದ್ದ. ಒಮ್ಮೆ ಕೇಳಿಯೂ ಕೇಳಿದೆ.

"ಅಷ್ಟು ಹೊತ್ತು ಏನು ಹೇಳ್ತೀಯ ಅವರಿಗೆ?"

"ಕ್ರಿಕೆಟ್ ಗುರು. ಅವ್ರಿಗೂ ಹುಚ್ಚು, ನಂಗೂ ಹುಚ್ಚು. ನಿನ್ ಬಗ್ಗೆ ಹೇಳೋಕೆ ಏನಿದೆ? ಬೆಳಗ್ಗಿಂದ ಸಂಜೆ ತನ್ಕ ನೀನು ಮಾತಾಡೋದೇ ಹತ್ತು ಮಾತು."

ನಾನು ನಕ್ಕೆ. ನಂಬಿದೆನೋ ಇಲ್ಲವೋ ಹೇಳಲಾರೆ.

ಆ ಮಳೆಗಾಲ ಮಳೆ ಸಂಜೆಗೇ ಬರುತ್ತಿತ್ತು. ಮಧ್ಯಾಹ್ನವೆಲ್ಲ ಬೂದಿ ಬಣ್ಣದ ಮೋಡ ಬೊಮ್ಮಸಂದ್ರದ ಕಾರ್ಖಾನೆಗಳ ಮೇಲೆ ಕವಿದು, ಶಿಫ್ಟ್ ಬಿಡುವ ಹೊತ್ತಿಗೆ ಸುರಿಯುತ್ತಿತ್ತು. ಕಂಪನಿ ಬಸ್ಸುಗಳು, ಲಾರಿಗಳು, ಛತ್ರಿಯಿಲ್ಲದ ಜನ, ಎಲ್ಲವೂ ಒಂದೇ ಸಲ ರಸ್ತೆಗೆ ಬರುತ್ತಿದ್ದವು. ನಮ್ಮ ಮನೆ ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯ ಅಪಾರ್ಟ್‌ಮೆಂಟ್ ಒಂದರಲ್ಲಿತ್ತು. ಅಪ್ಪ ಬೊಮ್ಮಸಂದ್ರದ ಯಂತ್ರ ಕಾರ್ಖಾನೆಯಲ್ಲಿ ಎಂಜಿನಿಯರ್. ರಾಣೆಬೆನ್ನೂರಿನಿಂದ ಬಂದು ಹತ್ತು ವರ್ಷ ಕಳೆದಿದ್ದರೂ ಅಮ್ಮನ ಮಾತು ಬದಲಾಗಿರಲಿಲ್ಲ. ಒಂದು ದಿನ ನಾನು ರೊಟ್ಟಿ ತಿನ್ನುತ್ತಾ, ಅಮ್ಮ ಅಪ್ಪನಿಗೆ ಎಷ್ಟು ಸಲ ಪಲ್ಯ ಬಡಿಸಿದಳು, ಕೇಳಿ ಬಡಿಸಿದಳೋ ಕೇಳದೆ ಬಡಿಸಿದಳೋ ಎಂದು ಲಕ್ಷ್ಯ ಕೊಟ್ಟು ನೋಡುತ್ತಿದ್ದೆ.

"ಯಾಕವಾ ವಿಜ್ಜಿ, ನನ್ನ ಕೈ ಹಂಗ ನೋಡಾಕತ್ತೀ?" ಎಂದಳು ಅಮ್ಮ. "ರೊಟ್ಟಿ ಕದ್ದೇನೇನು?"

ದರ್ಶಿನಿಯಲ್ಲಿ ಕಾಫಿ ಕೊಡುವವರು, ಬಸ್ಸಿನ ಕಂಡಕ್ಟರು, ಪಾಠ ಮಾಡುವ ವನಿತಾ ಮೇಡಂ, ಯಾರನ್ನು ನೋಡಿದರೂ ನನಗೆ ಎರಡು ಪ್ರಶ್ನೆ ಏಳುತ್ತಿದ್ದವು. ಇವರು ಹೀಗಿರುವುದು ನಿಜಕ್ಕೋ, ಯಾರೋ ನೋಡುತ್ತಿದ್ದಾರೆಂದೋ? ಪಕ್ಕದಲ್ಲಿ ಕೂತು ನನ್ನನ್ನು ನೋಡುತ್ತಿರುವವರು ಯಾರು?

ನಮ್ಮ ಪಾಲಿಗೆ ಬಂದ ಅಂಗಡಿಗಳಲ್ಲಿ ಒಂದು ಚಂದಾಪುರಕ್ಕೂ ಎಲೆಕ್ಟ್ರಾನಿಕ್ ಸಿಟಿಗೂ ನಡುವೆ, ಹೊಸೂರು ರಸ್ತೆಯ ಮೇಲೆ ಇತ್ತು. ಎರಡು ಮಹಡಿಯ ಮನೆ ಸಾಮಾನಿನ ಅಂಗಡಿ. ಅಲ್ಲಿ ಅಡಿಗೆ ಸಾಮಾನಿನ ವಿಭಾಗ ನೋಡಿಕೊಳ್ಳುತ್ತಿದ್ದವರು ಕಲಾವತಿ. ದುಂಡು ಮುಖ, ಚುರುಕು ಕಣ್ಣು, ಸಮವಸ್ತ್ರದ ಸೀರೆಯ ನೆರಿಗೆ ಒಂದೂ ಆಚೀಚೆ ಇಲ್ಲ. ದರ್ಶನ್ ಎಂಥ ತಲೆಹರಟೆ ಪ್ರಶ್ನೆ ಕೇಳಿದರೂ ಅವರು ನಗುತ್ತಲೇ ಉತ್ತರಿಸುತ್ತಿದ್ದರು.

"ಅಕ್ಕ, ಈ ಕುಕ್ಕರ್‌ನಲ್ಲಿ ಅನ್ನ ಮಾಡಿದ್ರೆ ರುಚಿ ಜಾಸ್ತಿ ಬರುತ್ತಾ?"

"ಅಕ್ಕಿ ಚೆನ್ನಾಗಿದ್ರೆ ಬರುತ್ತೆ ಸಾರ್. ಕುಕ್ಕರ್ ಒಳ್ಳೆ ಅಕ್ಕೀನ ಕೆಡ್ಸಲ್ಲ, ಅಷ್ಟ್ ಗ್ಯಾರಂಟಿ ಕೊಡ್ತೀನಿ."

ನಾವು ಹೋದಾಗಲೆಲ್ಲ ಅವರಲ್ಲಿ ಒಂದು ತಪ್ಪೂ ಸಿಗಲಿಲ್ಲ. ನವೀನ್ ಸರ್ ಖುಷಿಯಲ್ಲಿದ್ದರು. ಆ ಭಾಗದ ಶಾಖೆಗಳಲ್ಲೆಲ್ಲ ಈ ಅಂಗಡಿಗೇ ಹೆಚ್ಚು ಅಂಕ ಬರುತ್ತಿತ್ತು. ತಪ್ಪೇ ಸಿಗದಿರುವುದು ನನಗೆ ಸರಿ ಕಾಣಲಿಲ್ಲ. ಮನುಷ್ಯರು ಹಾಗಿರುವುದಿಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು.

ಒಂದು ಸಂಜೆ ಕಾರಣ ಗೊತ್ತಾಯಿತು. ದರ್ಶನ್ ಮೊದಲು ಒಳಗೆ ಹೋಗಿದ್ದ. ನಾನು ಆಮೇಲೆ ಬೇರೆ ಬಾಗಿಲಿನಿಂದ ಹೋಗಿ, ಸುತ್ತಿ ನಿಲ್ಲಿಸಿದ್ದ ರಬ್ಬರ್ ಮ್ಯಾಟುಗಳ ಹಿಂದೆ ನಿಂತಿದ್ದೆ. ಮ್ಯಾಟುಗಳ ಆಚೆ ಬದಿಗೆ ಕಲಾವತಿ, ಜೊತೆಗೆ ಇನ್ನೊಬ್ಬ ಸೇಲ್ಸ್‌ನವಳು ಬಂದರು. ಅವರ ಮಾತು ಸ್ಪಷ್ಟವಾಗಿ ಕೇಳಿಸಿತು.

"ಚೆಕಿಂಗ್‌ನೋನು ಬಂದವ್ನೆ ಕಣೇ. ತವಾ ತಾವ ನಿಂತವ್ನೆ" ಎಂದರು ಕಲಾವತಿ.

"ಚೆಕಿಂಗು ಅಂತ ನಿಂಗೆಂಗೆ ಗೊತ್ತು?"

"ಕಾಲ್ ನೋಡು. ಜೀನ್ಸ್‌ಗೆ ಯಾರಾದ್ರೂ ಅಂತಾ ಕಪ್ ಶೂ ಆಕ್ತಾರಾ? ಬರೋ ಚೆಕಿಂಗ್‌ನೋರೆಲ್ಲ ಅವೇ ಶೂ. ಬಂದ ಕೂಡ್ಲೆ ಸಾರ್ ಅಂತ ಓಗಿ ನಿಂತ್ಕೊ, ಆಯ್ತು."

"ಅಯ್ಯೋ, ನೀನು ಪೊಲೀಸ್‌ಗೆ ಸೇರ್ಬೇಕಿತ್ತು."

"ಪೊಲೀಸ್ ಬೇಡ ಮಾರಾಯ್ತಿ, ಇಲ್ಲಿ ಕಂಪನಿ ರೋಲ್‌ಗೆ ತಗೊಂಡು ಪರ್ಮನೆಂಟ್ ಮಾಡಿದ್ರೆ ಸಾಕು. ಮೂರ್ ಸಲ ಕಾಂಟ್ರಾಕ್ಟು ಮುಗ್ಸಿ, ಮನೆಗ್ ಕಳ್ಸಿ, ಮತ್ತೆ ಕರ್ದವ್ರೆ. ದೀಪಾವಳಿ ಆದ್ಮೇಲೆ ನಂಗೆ ಮೂವತ್ತೈದು ತುಂಬ್ತದೆ. ಆಮೇಲೆ ತಗೊಳಲ್ವಂತೆ. ಈ ಸಲ ಆಗ್ಲಿಲ್ಲ ಅಂದ್ರೆ ಮುಗೀತು."

ಅವರು ದರ್ಶನ್ ಕಡೆ ಹೋದರು. ನಾನು ಬಗ್ಗಿ ನನ್ನ ಕಾಲು ನೋಡಿಕೊಂಡೆ. ಅದೇ ಶೂ. ಅವರು ಹೋಗಿ ಆ ಸಾಲು ಖಾಲಿಯಾಗುವ ತನಕ ಮ್ಯಾಟುಗಳ ಹಿಂದಿನಿಂದ ಹೊರಗೆ ಬರಲು ಧೈರ್ಯವಾಗಲಿಲ್ಲ.

ಹೊರಗೆ ಬಂದು ದರ್ಶನ್‌ಗೆ ಹೇಳಿದಾಗ ಅವನು ಬೈಕಿನ ಮೇಲೆ ಬಗ್ಗಿ ನಗಾಡಿದ. "ಸಕ್ಕತ್. ಪಿಟಿ ಮಾಸ್ಟ್ರಿಗೆ ಸನ್ಮಾನ ಮಾಡ್ಬೇಕು ಗುರು."

"ನವೀನ್ ಸರ್‌ಗೆ ಹೇಳೋಣ."

"ಹೇಳಿದ್ರೆ ಇಡೀ ಬ್ಯಾಚ್‌ದೇ ಹೊಗೆ. ಇಷ್ಟು ದಿನ ಮಾಡಿದ್ದೆಲ್ಲ ಲೆಕ್ಕಕ್ಕಿಲ್ಲ ಅಂದ್ಬಿಡ್ತಾರೆ. ಸರ್ಟಿಫಿಕೇಟ್ ಬೇಡ್ವಾ ನಿಂಗೆ? ಅವ್ರಿಗೆ ಒಳ್ಳೆ ಮಾರ್ಕ್ಸು, ನಮಗೆ ಒಳ್ಳೆ ಇಂಟರ್ನ್‌ಶಿಪ್ಪು. ಯಾರಿಗೇನು ನಷ್ಟ?"

ಆ ವಾರ ವನಿತಾ ಮೇಡಂ ಕೆಲಸಗಾರರ ಮೌಲ್ಯಮಾಪನದ ಪಾಠ ಮಾಡುತ್ತಿದ್ದರು. ನಾನು ಎದ್ದು ಕೇಳಿದೆ. "ಮೇಡಂ, ಯಾರೋ ತಮ್ಮನ್ನ ಅಳೀತಿದಾರೆ ಅಂತ ಕೆಲಸದವರಿಗೆ ಗೊತ್ತಿದ್ರೆ, ಆಗ ನಾವು ಅಳೆಯೋದು ಏನನ್ನ?"

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಒಳ್ಳೇ ಪ್ರಶ್ನೆ ಕಣಮ್ಮ. ಆದ್ರೆ ಸಿಲಬಸ್‌ನಲ್ಲಿಲ್ಲ. ಮುಂದಿನ ಯೂನಿಟ್ ತೆಗೀರಿ."

ದರ್ಶನ್ ಹಿಂದಿನ ಬೆಂಚಿನಿಂದ ಕೆಮ್ಮಿದ. ನನಗೆ ಅದು ಎಚ್ಚರಿಕೆಯ ಹಾಗೆ ಕೇಳಿಸಿತು.

ದಸರಾ ರಜೆ ಮುಗಿದ ಮೇಲಿನ ಒಂದು ದಿನ ಮಳೆ ಮಧ್ಯಾಹ್ನವೇ ಬಂತು. ಚಂದಾಪುರದ ಸರ್ಕಲ್ಲಿನಲ್ಲಿ ಮೊಣಕಾಲುದ್ದ ನೀರು. ಅದನ್ನು ದಾಟುವಾಗ ನನ್ನ ಶೂಗಳೊಳಗೆ ನೀರು ತುಂಬಿತು. ಸರ್ಕಲ್ಲಿನಾಚೆಯ ಅಂಗಡಿಯೊಂದರಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ ಕೊಂಡು, ಶೂಗಳನ್ನು ಕವರಿನಲ್ಲಿ ಕಟ್ಟಿ ಬ್ಯಾಗಿಗೆ ಹಾಕಿಕೊಂಡೆ. ದರ್ಶನ್ ಕೂಡ ರೈನ್‌ಕೋಟು, ಸ್ಯಾಂಡಲ್ ಹಾಕಿಕೊಂಡು ಬಂದಿದ್ದ. ನಾವು ಹಾಗೆಯೇ ಒಬ್ಬರ ಹಿಂದೆ ಒಬ್ಬರು ಒಳಗೆ ಹೋದೆವು. ಕಲಾವತಿ ನಮ್ಮ ಕಡೆ ಒಮ್ಮೆ ನೋಡಿದರು, ಕಣ್ಣು ಕೆಳಗೆ ಇಳಿಯಿತು, ಮತ್ತೆ ಬೇರೆ ಕಡೆ ತಿರುಗಿತು. ದರ್ಶನ್ ಎಷ್ಟೋ ಸಲ ಮಾತಾಡಿಸಿದ ಹುಡುಗನೆಂಬ ಗುರುತು ಅವರ ಮುಖದಲ್ಲಿ ಕಾಣಲಿಲ್ಲ. ರೈನ್‌ಕೋಟಿನ ಟೋಪಿ ಅವನ ಹಣೆ ಮುಚ್ಚಿತ್ತು.

ಅವರ ಗಮನವೆಲ್ಲ ಸ್ಟೀಲಿನ ನೀರಿನ ಬಾಟಲಿಗಳ ಮುಂದೆ ನಿಂತಿದ್ದ ಒಬ್ಬ ಹುಡುಗ, ಒಬ್ಬಳು ಹುಡುಗಿಯ ಮೇಲಿತ್ತು. ಇಬ್ಬರ ಕಾಲಲ್ಲೂ ನಮ್ಮ ಕಾಲೇಜಿನ ಶೂ. ನಾನು ಅವರನ್ನು ಎಲ್ಲಿಯೂ ನೋಡಿದ ನೆನಪಿರಲಿಲ್ಲ. ಇವರೇ, ನಮ್ಮನ್ನು ನೋಡಲು ಕಳಿಸಿದವರು ಎಂದುಕೊಂಡೆ.

ಆಗ ಒಬ್ಬ ಅಜ್ಜಿ ಬಂದರು. ಕೈಯಲ್ಲಿ ಮಿಕ್ಸಿ ಜಾರಿನ ಮುಚ್ಚಳ, ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಮ್ಮಣ್ಣಿ, ಇದು ಕೂರಾಕಿಲ್ಲ. ಬದಲಾಯ್ಸಿ ಕೊಡ್ತೀರಾ?"

"ಒಂದ್ನಿಮಿಷ ಅಮ್ಮ" ಎಂದರು ಕಲಾವತಿ. ಹೇಳಿ ಬಾಟಲಿಗಳ ಕಡೆ ಹೋದರು. ಆ ಇಬ್ಬರಿಗೆ ಒಂದೊಂದೇ ಬಾಟಲಿ ಬಿಚ್ಚಿ ತೋರಿಸಿದರು, ಒಳಗೆ ಬೆರಳಾಡಿಸಿ ತೋರಿಸಿದರು, ನಿಮ್ಮ ಕಾಲೇಜು ಯಾವುದು ಎಂದು ಮಾತ್ರ ಕೇಳಲಿಲ್ಲ. ಅಜ್ಜಿ ಎರಡನೆಯ ಸಲ ಕೂಗಿದರು. ಕಲಾವತಿ ತಿರುಗಿ ನೋಡಿದರು. ಅವರಿಗೆ ಕೇಳಿಸಿತು, ಅದನ್ನು ನಾನು ಕಂಡೆ. "ಬಂದೆ ಅಮ್ಮ" ಎಂದರು, ಬರಲಿಲ್ಲ. ಅಜ್ಜಿ ಮಿಕ್ಸಿಗಳ ಪಕ್ಕದ ಸ್ಟೂಲಿನ ಮೇಲೆ ಕೂತರು, ಎದ್ದರು, ಮತ್ತೆ ಕೂತರು. ಕೊನೆಗೆ ಮುಚ್ಚಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏನೋ ಬೈಯುತ್ತ ಮಳೆಗೆ ಇಳಿದರು. ಇಷ್ಟೂ ಹೊತ್ತು ದರ್ಶನ್ ಮೆಟ್ಟಿಲ ಕೆಳಗೆ ಫೋನಿನಲ್ಲಿದ್ದ.

ಆ ದಿನ ಮಳೆಯಿಂದಾಗಿ ನವೀನ್ ಸರ್ ಬರಲಿಲ್ಲ. ಎರಡು ದಿನ ಬಿಟ್ಟು ನಮ್ಮಿಬ್ಬರನ್ನೂ ಅಂಗಡಿಯ ಮ್ಯಾನೇಜರ್ ಕ್ಯಾಬಿನ್ನಿಗೆ ಬರಲು ಹೇಳಿದರು. ಹಾಗೆ ಯಾವತ್ತೂ ಕರೆದಿರಲಿಲ್ಲ. ನಾವು ಯಾರೆಂದು ಅಂಗಡಿಗೆ ತಿಳಿಯಬಾರದು ಎಂಬುದೇ ಅವರ ಮೊದಲ ನಿಯಮವಾಗಿತ್ತು.

ಒಣಗದ ಶೂಗಳ ಕಾರಣ ಗೇಟಿನಲ್ಲಿ ಬೈಸಿಕೊಂಡು ನಾನು ಇನ್ನೂ ರಬ್ಬರ್ ಚಪ್ಪಲಿಯಲ್ಲೇ ಓಡಾಡುತ್ತಿದ್ದೆ. ದರ್ಶನ್ ಶೂ ಹಾಕಿದ್ದ. ನವೀನ್ ಸರ್ ಆಗಲೇ ಬಂದು ಕೂತಿದ್ದರು. ಮ್ಯಾನೇಜರ್ ನಮ್ಮನ್ನು ಕೂರಿಸಿ ನೇರವಾಗಿ ವಿಷಯಕ್ಕೆ ಬಂದರು.

"ಒಂದು ಅಜ್ಜಿ ಮಗನ ಕೈಲಿ ಹೆಡ್ ಆಫೀಸಿಗೆ ಫೋನ್ ಮಾಡ್ಸಿದಾರೆ. ನಮ್ಮ ಕಲಾವತಿ ಮಾತೇ ಆಡಿಸ್ಲಿಲ್ಲ ಅಂತ. ನಾನು ಆಕೇನ ರೋಲ್‌ಗೆ ತಗೊಳಿ ಅಂತ ಹೇಳೋದ್ರಲ್ಲಿದ್ದೆ. ಕಂಪ್ಲೇಂಟ್ ನಿಜ ಆದ್ರೆ ಹೇಳೋಕಾಗಲ್ಲ, ಈ ತಿಂಗಳೇ ಕಾಂಟ್ರಾಕ್ಟ್ ಮುಗ್ಸಿ ಕಳಿಸ್ಬೇಕು. ಆವತ್ತು ನೀವು ಇಲ್ಲೇ ಇದ್ರಂತೆ. ಏನ್ ನೋಡಿದ್ರಿ?"

"ನಾವು ಬಂದಾಗ ಅಜ್ಜಿ ಯಾರೂ ಇರ್ಲಿಲ್ಲ ಸಾರ್" ಎಂದ ದರ್ಶನ್, ತಡವರಿಸದೆ.

ಅವನು ಯಾಕೆ ಸುಳ್ಳು ಹೇಳಿದ? ಕಲಾವತಿಯನ್ನು ಉಳಿಸಲೋ, ಫೋನಿನಲ್ಲಿದ್ದುದನ್ನು ಮುಚ್ಚಲೋ, ನಾನೂ ಹೂಂ ಎನ್ನುತ್ತೇನೋ ಎಂದು ನೋಡಲೋ? ಆ ಶೂ ಹಾಕಿದ್ದ ಇಬ್ಬರು ನವೀನ್ ಸರ್ ಜನವಾಗಿದ್ದರೆ ಅವರು ಆಗಲೇ ಎಲ್ಲ ಹೇಳಿರುತ್ತಾರೆ. ಆಗ ಈ ಸುಳ್ಳಿನಿಂದ ಯಾರೂ ಉಳಿಯುವುದಿಲ್ಲ, ಕಲಾವತಿಯಂತೂ ಉಳಿಯುವುದೇ ಇಲ್ಲ.

"ಅಜ್ಜಿ ಇದ್ರು ಸಾರ್" ಎಂದೆ. ಎಲ್ಲವನ್ನೂ ಹೇಳಿದೆ. ಮುಚ್ಚಳ, ಒಂದ್ನಿಮಿಷ ಎಂದದ್ದು, ಬಂದೆ ಎಂದು ಬರದೆ ಇದ್ದದ್ದು, ಅಜ್ಜಿ ಕೂತು ಎದ್ದದ್ದು. ನಿಧಾನಕ್ಕೆ ಹೇಳಿದೆ. ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿ, ಆಯಿತು ಎನ್ನುವ ಹಾಗೆ ಕುರ್ಚಿಗೆ ಒರಗಿದರು.

"ಇನ್ನೂ ಇದೆ ಸಾರ್. ಅವರು ಅಜ್ಜೀನ ಬಿಟ್ಟಿದ್ದು ಸೋಮಾರಿತನಕ್ಕಲ್ಲ. ಬಾಟಲಿ ನೋಡ್ತಿದ್ದ ಇಬ್ಬರನ್ನ ನಾವು ಅಂದ್ಕೊಂಡ್ರು."

"ನಾವು ಅಂದ್ರೆ?"

"ಚೆಕಿಂಗ್‌ನವರು. ನಮ್ಮಲ್ಲಿ ಯಾರೇ ಬಂದ್ರೂ ಇಲ್ಲಿ ಗೊತ್ತಾಗುತ್ತೆ ಸಾರ್. ನಮ್ಮ ಕಾಲೇಜಲ್ಲಿ ಎಲ್ಲರಿಗೂ ಒಂದೇ ಶೂ. ಗೇಟಲ್ಲಿ ಚೆಕ್ ಮಾಡ್ತಾರೆ."

ಮ್ಯಾನೇಜರ್ ಮೇಜಿನ ಪಕ್ಕಕ್ಕೆ ಬಗ್ಗಿ ದರ್ಶನ್‌ನ ಕಾಲು ನೋಡಿದರು. ದರ್ಶನ್ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ನವೀನ್ ಸರ್ ಮುಖ ಬಿಳಿಚಿಕೊಂಡಿತ್ತು.

"ಆ ಇಬ್ಬರು ನಿಮ್ಮವರಾ ಸಾರ್?" ಎಂದು ನಾನೇ ಅವರನ್ನು ಕೇಳಿದೆ. "ನಮ್ಮನ್ನ ನೋಡೋಕೆ ಜನ ಕಳಿಸ್ತೀನಿ ಅಂದಿದ್ರಲ್ಲ."

ಅವರು ಕುತ್ತಿಗೆ ಕೆರೆದುಕೊಂಡರು. "ಅಂಥೋರು ಯಾರೂ ಇಲ್ಲ ಕಣಮ್ಮ. ಹುಡುಗ್ರು ಸರಿಯಾಗಿ ಕೆಲ್ಸ ಮಾಡ್ಲಿ ಅಂತ ಹಂಗೆ ಹೇಳಿದ್ದು."

ಇಡೀ ಸೆಮಿಸ್ಟರು ನಾನು ಯಾರಿಗೆ ಹೆದರಿ ಬೆನ್ನು ಬಿಗಿಹಿಡಿದು ನಡೆದಿದ್ದೆನೋ ಆ ಜನ ಇರಲೇ ಇಲ್ಲ. ಆ ಇಬ್ಬರು ನಮ್ಮ ಕಾಲೇಜಿನ ಮೊದಲ ವರ್ಷದವರು, ಗೆಳತಿಯ ಹುಟ್ಟುಹಬ್ಬಕ್ಕೆ ಬಾಟಲಿ ಕೊಳ್ಳಲು ಬಂದವರು ಎಂದು ಮುಂದಿನ ವಾರ ಕ್ಯಾಂಟೀನಿನಲ್ಲಿ ನನಗೆ ತಿಳಿಯಿತು.

ಮ್ಯಾನೇಜರ್ ಎದ್ದು ಹೋಗಿ ಬಾಗಿಲು ಭದ್ರವಾಗಿ ಮುಚ್ಚಿದರು. ಬಂದು ಕೂತಾಗ ಅವರು ನಗುತ್ತಿದ್ದರು. ಅವರು ಬೈಯಬಹುದು ಎಂದುಕೊಂಡಿದ್ದೆ, ಆ ನಗು ನೋಡಿ ಇನ್ನೂ ಹೆದರಿಕೆಯಾಯಿತು.

"ನವೀನ್, ನಿಮ್ಮ ಹುಡುಗ್ರನ್ನ ಶೂ ನೋಡಿ ಕಂಡುಹಿಡೀತಾರೆ ಅಂತ ಹೆಡ್ ಆಫೀಸಿಗೆ ಗೊತ್ತಾದ್ರೆ ನಿಮ್ಮ ಏಜೆನ್ಸಿ ಇರಲ್ಲ. ನಮ್ಮ ಅಂಗಡಿಗೆ ಇಷ್ಟು ಅಂಕ ಯಾಕೆ ಬಂತು ಅಂತ ಗೊತ್ತಾದ್ರೆ ನಾನೂ ಇರಲ್ಲ. ಅಜ್ಜಿಗೆ ಹೊಸ ಜಾರೇ ಕಳಿಸ್ಕೊಡ್ತೀನಿ, ಫೋನ್ ಮಾಡಿ ಸಾರಿ ಹೇಳ್ತೀನಿ. ಮುಗೀತು."

"ಕಲಾವತಿಯವರು?" ಎಂದೆ.

"ಇಂಥೋಳನ್ನ ಯಾರಾದ್ರೂ ಕಳ್ಕೊಳ್ತಾರಾ? ರೋಲ್‌ಗೆ ತಗೋತೀವಿ. ನಾಳೆಯಿಂದ ಮೇನ್ ಡೋರ್‌ನಲ್ಲಿ ನಿಲ್ಲಿಸ್ತೀನಿ. ಯಾರು ಯಾರು ಬರ್ತಾರೆ ಅಂತ ನೋಡ್ಕೊಂಡು ಒಳಗಿನವ್ರಿಗೆ ಹೇಳ್ಲಿ."

ನಾನು ಆಸೆಪಟ್ಟದ್ದೇ ಆಯಿತು. ಅದು ಆದ ಕಾರಣ ಮಾತ್ರ ನನಗೆ ನುಂಗಲಾಗಲಿಲ್ಲ.

ನಾವು ಏಳುವಷ್ಟರಲ್ಲಿ ಮ್ಯಾನೇಜರ್ ಫೋನಿನಲ್ಲಿ ಕಲಾವತಿಯನ್ನು ಕರೆದಿದ್ದರು. ಬಾಗಿಲಲ್ಲಿ ಅವರು ನಮಗೆ ಎದುರಾದರು. ಮೊದಲು ದರ್ಶನ್‌ನನ್ನು ನೋಡಿದರು, ಅವನು ಚೆಕಿಂಗ್‌ನವನೆಂಬುದು ಅವರಿಗೆ ಹೊಸದಾಗಿರಲಿಲ್ಲ. ಆಮೇಲೆ ನನ್ನನ್ನು, ನನ್ನ ಚಪ್ಪಲಿಯನ್ನು ನೋಡಿದರು.

"ನೀವಾ?" ಎಂದರು ಅಷ್ಟೇ.

ಒಳಗೆ ಮ್ಯಾನೇಜರ್ ಅವರಿಗೆ ಏನು ಹೇಳಿದರೋ ನಾನು ಕೇಳಿಸಿಕೊಂಡಿಲ್ಲ. ಚಪ್ಪಲಿ ಹುಡುಗಿ ನಿನ್ನ ಮೇಲೆ ದೂರು ಹೇಳಿದಳು ಎಂದು ಹೇಳಿದರೆ, ಅದು ಸುಳ್ಳಂತೂ ಅಲ್ಲ.

ಬೈಕು ತೆಗೆಯುವಾಗ ದರ್ಶನ್ ನನ್ನ ಕಡೆ ನೋಡಲಿಲ್ಲ. "ಅವ್ರ ಕೆಲ್ಸ ಹೋಗ್ಬಾರ್ದು ಅಂತ ಹೇಳ್ದೆ ಗುರು. ನೀನೇನ್ ಅಂದ್ಕೊಂಡೆ?"

"ಏನೂ ಇಲ್ಲ" ಎಂದೆ. ಅವನ ಮಾತು ನಿಜವೇ ಇರಬಹುದು. ಅವನ ಮುಖವನ್ನು ಅಳೆಯುವ ಶಕ್ತಿ ಅವತ್ತು ನನ್ನಲ್ಲಿ ಉಳಿದಿರಲಿಲ್ಲ.

ಸೋಮವಾರ ಕಾಲೇಜಿನಲ್ಲಿ ಹೊಸ ಅಪ್ಪಣೆ ಬಂತು. ಇಂಟರ್ನ್‌ಶಿಪ್‌ಗೆ ಹೋಗುವವರು ಕಪ್ಪು ಶೂ ಹಾಕಕೂಡದು. ಪಿಟಿ ಮಾಸ್ಟರು ಗೇಟಿನಲ್ಲಿ ಅದೇ ಗಂಟಲಿನಲ್ಲಿ, ಯಾಕೆ ಶೂ ಹಾಕಿದೀಯ ಎಂದು ಗದರಿಸತೊಡಗಿದರು. ನಮ್ಮ ಜೋಡಿಯನ್ನು ವೈಟ್‌ಫೀಲ್ಡ್ ಕಡೆಯ ಅಂಗಡಿಗಳಿಗೆ ಹಾಕಿದರು. ಅಲ್ಲಿ ನಾನು ನೋಡಿದ್ದು ಏನೂ ಜ್ಞಾಪಕವಿಲ್ಲ. ಕೊನೆಯಲ್ಲಿ ಕೊಟ್ಟ ಸರ್ಟಿಫಿಕೇಟಿನಲ್ಲಿ ನನ್ನ ಸೂಕ್ಷ್ಮ ದೃಷ್ಟಿಯನ್ನು ಹೊಗಳಿ ಒಂದು ಸಾಲಿತ್ತು. ಈಗಿನ ಕೆಲಸ ಸಿಕ್ಕಿದ್ದರಲ್ಲಿ ಆ ಸಾಲಿನ ಪಾಲೂ ಇದೆ.

ದೀಪಾವಳಿಯ ಹಿಂದಿನ ಭಾನುವಾರ ಅಮ್ಮ ಹೊಸ ಡಬ್ಬಿಗಳು ಬೇಕೆಂದು ಹೊರಟಳು. ಆ ಅಂಗಡಿ ಬೇಡ, ಬೇರೆ ಕಡೆ ಹೋಗೋಣ ಎಂದು ನಾನು ಹಟ ಮಾಡಿದೆ.

"ಯಾಕ, ಅಲ್ಲಿ ಸಾಲ ಮಾಡೀ ಏನು?" ಎಂದು ಅಮ್ಮ ನನ್ನನ್ನು ಎಳೆದುಕೊಂಡೇ ಹೋದಳು.

ಕಲಾವತಿ ಮುಂಬಾಗಿಲಲ್ಲಿದ್ದರು. ಎದೆಯ ಮೇಲೆ ಕಂಪನಿಯ ಹೊಸ ಬ್ಯಾಡ್ಜು. ನನ್ನನ್ನು ಕಂಡು ಅವರ ನಗು ಒಂದು ಕ್ಷಣ ನಿಂತು, ಮತ್ತೆ ಬಂತು. "ಬನ್ನಿ ಅಮ್ಮ, ಬನ್ನಿ ಮೇಡಂ" ಎಂದು ಬಾಗಿಲು ಬಿಟ್ಟು ನಮ್ಮ ಜೊತೆಗೇ ಬಂದರು. ಅಮ್ಮನಿಗೆ ಡಬ್ಬಿಗಳ ಮುಚ್ಚಳ ಒಂದೊಂದೇ ತೆಗೆಸಿ ಹಾಕಿಸಿ ನೋಡುವ ಅಭ್ಯಾಸ. ಕಲಾವತಿ ಎಲ್ಲವನ್ನೂ ಮಾಡಿದರು. ಯಾವುದರಲ್ಲಿ ಚಕ್ಕುಲಿ ಮೆತ್ತಗಾಗುವುದಿಲ್ಲ ಎಂದು ಹೇಳಿದರು, ಅಮ್ಮನ ಮೊಣಕಾಲು ನೋವು ಕೇಳಿ ಸ್ಟೂಲು ತಂದು ಹಾಕಿದರು. ಅಮ್ಮ ಬೇರೆ ಸಾಲಿಗೆ ಹೋದಾಗ ನಾನು ಮೆಲ್ಲಗೆ ಹೇಳಿದೆ.

"ಅಕ್ಕ, ನಾನು ಈಗ ಈ ಅಂಗಡೀಲಿ ಆ ಕೆಲಸ ಮಾಡ್ತಿಲ್ಲ. ಅಮ್ಮ ನಿಜವಾಗ್ಲೂ ಡಬ್ಬಿ ತಗೊಳೋಕೆ ಬಂದಿರೋದು."

"ಆಯ್ತು ಮೇಡಂ" ಎಂದರು ಕಲಾವತಿ, ಅದೇ ನಗುವಿನಲ್ಲಿ. "ಬೇರೆ ಏನಾದ್ರೂ ನೋಡ್ತೀರಾ?"

ಬಿಲ್ಲು ಮುಗಿಸಿ ಹೊರಗೆ ಬಂದ ಮೇಲೆ ಅಮ್ಮ ರಸ್ತೆಯಂಚಿನಲ್ಲಿ ನಿಂತಳು. "ಎಷ್ಟ್ ಚೊಲೊ ಹೆಣ್ಮಗಳು ಅಕಿ. ಹೆಸರ ಕೇಳಲಿಲ್ಲ ನೋಡು. ಅವರ ಮ್ಯಾನೇಜರಿಗೆ ಒಂದ್ ಮಾತು ಹೇಳ್ತೇನಿ."

"ಬೇಡಮ್ಮ" ಎಂದೆ. ಅಮ್ಮ ಆಗಲೇ ತಿರುಗಿ ಮೆಟ್ಟಿಲು ಹತ್ತಿದ್ದಳು. ಗಾಜಿನ ಬಾಗಿಲು ತೆರೆದೇ ಇತ್ತು.

"ನಿನ್ನ ಹೆಸರೇನವಾ?"

ಕಲಾವತಿಯ ಮುಖ ನಾನು ಕಂಡೆ. ನಗು ಪೂರ್ತಿ ಹೋಗಿತ್ತು. ಅವರು ಬ್ಯಾಡ್ಜನ್ನು ಎರಡು ಬೆರಳಲ್ಲಿ ಹಿಡಿದು ಅಮ್ಮನ ಕಡೆಗೆ ತಿರುಗಿಸಿದರು. "ಕಲಾವತಿ ಅಂತ ಅಮ್ಮ. ಬರ್ಕೊಳ್ಳಿ."

"ಬರಕೊಳ್ಳೋದೇನೈತಿ ಅದರಾಗ? ನಮ್ಮ ತಂಗಿ ಹೆಸರೂ ಕಲಾವತಿನ. ಅಕೀನೂ ನಿನ್ನಂಗ, ನಿಂತಲ್ಲಿ ನಿಲ್ಲಂಗಿಲ್ಲ. ಇಲ್ಲೇ ಹತ್ರ ನಮ್ಮ ಮನಿ. ಹಬ್ಬದಾಗ ಒಂದಿನ ಬಾ, ಹೋಳಗಿ ತಿನ್ನಾಕ."

ಕಲಾವತಿ ಅಮ್ಮನ ಹೆಗಲ ಮೇಲಿಂದ ನನ್ನ ಕಡೆ ನೋಡಿದರು. ಇದನ್ನು ನಂಬಬಹುದೋ, ಇಲ್ಲಿ ನಗಬಹುದೋ ಎಂದು ಕೇಳುವ ನೋಟ ಅದು. ನಾನು ನೋಡುತ್ತಿರುವ ತನಕ ಅವರಿಗೆ ಉತ್ತರ ಸಿಗುವುದಿಲ್ಲ ಎನ್ನಿಸಿತು. ನಾನು ಬೆನ್ನು ತಿರುಗಿಸಿ ರಸ್ತೆಯ ಕಡೆ ಮುಖ ಮಾಡಿ ನಿಂತೆ.

ಹಿಂದಿನಿಂದ ಅಮ್ಮನ ನಗು ಕೇಳಿಸಿತು. ಅದರ ಜೊತೆ ಇನ್ನೊಂದು ನಗು ಇತ್ತೋ ಇಲ್ಲವೋ ತಿಳಿಯುವ ಮೊದಲೇ ಆನೇಕಲ್ ಬಸ್ಸು ಹಾರ್ನ್ ಹಾಕುತ್ತಾ ಹೋಯಿತು. ನಾನು ತಿರುಗಿ ನೋಡಲಿಲ್ಲ.